ನೆರೆಮನೆಯ ಸುದ್ದಿ

ನಮ್ಮ ತಂಗಿಯ ಮಗನು ಈ ವರ್ಷ ಪತ್ರಿಕೋದ್ಯಮದ ತರಗತಿಗೆ ಸೇರಿರುವನು. ಇದನ್ನು ಕೇಳಿ ನಮ್ಮ ತಾಯಿಯವರು, "ಸುದ್ದಿ ಹೇಳುವುದಕ್ಕೂ ಪಾಠಶಾಲೆ ಬೇಕೇನಪ್ಪ? ನಮ್ಮ ಬೀದಿಯ ನಲ್ಲಿಯ ಹತ್ತಿರ ದಿನವೂ ಧರ್ಮಕ್ಕೆ ನಡೆಯುತ್ತದೆಯಲ್ಲ!" ಎಂದು ನಕ್ಕರು. ನಗೆಯ ಮಾತಾದರೂ ವಿಚಾರಮಾಡತಕ್ಕುದೇ ಸರಿ. ಆದುದರಿಂದ ಈ ತಿಂಗಳು ವಾಚಕರೊಡನೆ ಅದನ್ನು ಕುರಿತೇ ನಾಲ್ಕು ಮಾತನಾಡಬೇಕೆಂದಿರುವೆನು.

ಸಂದೇಹವೇನೋ ಹಳೆಯದು. ಅಮೆರಿಕೆಯ ಮಿಸ್ಸೂರಿ ವಿಶ್ವವಿದ್ಯಾನಿಲಯದಲ್ಲಿ 1908ರಲ್ಲಿ ಪತ್ರಿಕಾವೃತ್ತಿಯ ಶಾಲೆಯನ್ನು ತೆರೆದ ವಾಲ್ಟರ್ ವಿಲಿಯಮ್ಸ್ ಎಂಬುವರು ತಾವೇ ಕಾಲೇಜಿನಲ್ಲಿ ಓದಿದವರಲ್ಲ. ಅಚ್ಚುಕೂಟದಲ್ಲಿ ಕೆಲಸ ಕಲಿತು ಸಂಪಾದಕರಾದವರು. ಪಾಠಗಳು ಆರಂಭವಾದ ಸೆಪ್ಟೆಂಬರ್ 14ರಂದೇ ಅವರು ವಿದ್ಯಾರ್ಥಿಗಳ ಕೈಯಿಂದ ಒಂದು ಪತ್ರಿಕೆಯನ್ನೂ ಹೊರಡಿಸಿದರು. ಅದು ತರಗತಿಯೊಳಗೆ ಓದಿ ಮಡಿಸಿಡುವ ಹಾಳೆಯಲ್ಲ. ಕೊಲಂಬಿಯಾ ಎಂಬ ಆ ಊರಿಗೇ ಪತ್ರಿಕೆಯಾಗಿ ಶತಮಾನವನ್ನು ದಾಟಿ ಬಾಳಿತು. ಇದರ ಗುಣವು ನನಗೆ ಕಾಣುವುದು ಹೀಗೆ: ತಪ್ಪು ಬರೆದ ಹುಡುಗನು ಮರುದಿನ ಅದೇ ಊರಿನ ಅಂಗಡಿಗೆ ರೊಟ್ಟಿ ಕೊಳ್ಳಲು ಹೋಗಬೇಕು.

ನಮ್ಮಲ್ಲಿ ಈ ಪಾಠವು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ಮೊದಲಾಯಿತು. ನಾಡಿಗ ಕೃಷ್ಣಮೂರ್ತಿಯವರು ಅದನ್ನು ಬೆಳೆಯಿಸಿದರು. ಆದರೆ ಊರ ಸುದ್ದಿಯ ಕಥೆ ಅದಕ್ಕೂ ಹಿಂದಿನದು. 1843ರಲ್ಲಿ ಮೋಗ್ಲಿಂಗ್ ಪಾದ್ರಿಯವರು ಕಲ್ಲಚ್ಚಿನಲ್ಲಿ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವು ಊರನ್ನು ತನ್ನ ಹೆಸರಿನಲ್ಲಿಯೇ ಹೊತ್ತಿತ್ತು.

ಇನ್ನು ನಮ್ಮ ಪೇಟೆಯಲ್ಲಿ ಮೂರು ವರ್ಷಗಳ ಹಿಂದೆ ನಡೆದುದನ್ನು ಹೇಳುವೆನು. ಹದಿನೈದರ ಬಾಲಿಕೆಯೊಬ್ಬಳು ಸಂಜೆ ಮನೆಗೆ ಬರಲಿಲ್ಲ. ತಂದೆಯು ಠಾಣೆಗೆ ದೂರು ಕೊಟ್ಟನು. ಮರುದಿನದ ಪತ್ರಿಕೆಯೊಂದರಲ್ಲಿ ಆಕೆಯ ಹೆಸರಿರಲಿಲ್ಲ. ಆದರೆ ಬೀದಿ ಯಾವುದು, ತಂದೆಯ ಕಸಬೇನು, ಓದುವ ಶಾಲೆ ಯಾವುದು ಎಲ್ಲವೂ ಇದ್ದುವು. ಮೇಲೆ 'ಪ್ರೇಮಪ್ರಕರಣದ ಶಂಕೆ' ಎಂಬ ತಲೆಬರಹ ಬೇರೆ. ಬೆಂಗಳೂರಿನಲ್ಲಿ ಕುಳಿತು ಓದಿದವರಿಗೆ ಅದರಿಂದ ಏನೂ ತಿಳಿಯದು. ನಮ್ಮಲ್ಲಿಯೋ, ಆ ಬೀದಿಯಲ್ಲಿ ಆ ಕಸಬಿನವನು ಇರುವುದೇ ಒಬ್ಬನು! ಪರೀಕ್ಷೆಯ ಅಂಕಗಳು ಕಡಮೆಯಾದುವೆಂದು ಹೆದರಿ ಸೋದರತ್ತೆಯ ಮನೆಗೆ ಹೋಗಿದ್ದ ಮಗುವು ಅಂದು ಮಧ್ಯಾಹ್ನದ ಬಸ್ಸಿನಲ್ಲಿಯೇ ಹಿಂದಿರುಗಿತು. ನಾಲ್ಕು ದಿನಗಳ ಮೇಲೆ ಒಳಪುಟದಲ್ಲಿ, ಹರಾಜಿನ ಪ್ರಕಟಣೆಯ ಕೆಳಗೆ, ಎರಡು ಸಾಲಿನ ತಿದ್ದುಪಡಿ ಬಂದಿತು. ಅಷ್ಟರೊಳಗೆ ಆಕೆ ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಳು. ಅವಳ ತಾಯಿ ನಮ್ಮ ಜಗಲಿಯಲ್ಲಿ ಕುಳಿತು, "ಹೆಸರು ಹಾಕಿಲ್ಲವಂತೆ ಅಮ್ಮ, ಅದಕ್ಕೇ ತಪ್ಪಿಲ್ಲವಂತೆ" ಎಂದುದು ಇನ್ನೂ ನನ್ನ ಕಿವಿಯಲ್ಲಿದೆ.

ತಪ್ಪಿಲ್ಲವೆಂಬುದು ಸರಿಯಲ್ಲ. 2015ರ ಬಾಲನ್ಯಾಯ ಕಾಯಿದೆಯು ರಕ್ಷಣೆ ಬೇಕಾದ ಮಕ್ಕಳ ಹೆಸರು, ವಿಳಾಸ, ಶಾಲೆಗಳನ್ನು ಮಾತ್ರವಲ್ಲ, ಗುರುತು ಹತ್ತಿಸುವ ಬೇರಾವ ವಿವರವನ್ನೂ ತನಿಖೆಯ ವರದಿಗಳಲ್ಲಿ ಪ್ರಕಟಿಸಬಾರದೆಂದು ವಿಧಿಸಿದೆ. ಗುರುತು ಹತ್ತುವುದು ಯಾರಿಗೆ? ಊರಿನವರಿಗೆ. ಕಾಯಿದೆಯನ್ನು ಬಾಯಿಪಾಠಮಾಡಿದ ಮಾತ್ರಕ್ಕೆ ಇದು ಹೊಳೆಯಲಾರದು. ಆ ಬೀದಿಯಲ್ಲಿ ಒಮ್ಮೆ ನಡೆದುಬರಬೇಕು.

ಅದನ್ನು ಬರೆದವನು ದುಷ್ಟನೇನೂ ಅಲ್ಲ, ನಮಗೆ ಪರಿಚಿತನೇ. ಠಾಣೆಯಲ್ಲಿ ಕೇಳಿದುದನ್ನು ಹಾಗೆಯೇ ಕಳುಹಿಸಿದನು. ಊರುಗಳ ಸುದ್ದಿಗಾರರಲ್ಲಿ ಅನೇಕರಿಗೆ ತಿಂಗಳ ಸಂಬಳವೆಂಬುದಿಲ್ಲ. ಸುದ್ದಿ ಬರೆಯುವ ಕೈಯೇ ಜಾಹೀರಾತನ್ನೂ ಬೇಡಬೇಕು. ಪುರಸಭೆಯ ಸದಸ್ಯರ ಹುಟ್ಟುಹಬ್ಬದ ಜಾಹೀರಾತನ್ನು ಬೆಳಿಗ್ಗೆ ಕೇಳಿದವನು ಸಂಜೆ ಅವರ ವಾರ್ಡಿನ ಚರಂಡಿಯ ಲೆಕ್ಕವನ್ನು ಕೇಳುವುದೆಂತು? ಕಲಿಸುವವರು ಈ ತೊಡಕನ್ನು ಮುಚ್ಚಿಡದೆ ಮಕ್ಕಳ ಮುಂದಿಡಬೇಕು. ಹೊಟ್ಟೆಯ ಪ್ರಶ್ನೆಯನ್ನು ಬಿಟ್ಟು ಬೋಧಿಸಿದ ನೀತಿಯು ಮೊದಲನೆಯ ಕೆಲಸದಲ್ಲಿಯೇ ಕಳಚಿಬೀಳುವುದು.

ದಸರೆಯ ರಜೆಗೆ ಬಂದ ಹುಡುಗನು ತನ್ನ ಬರೆಹವೊಂದನ್ನು ತೋರಿಸಿದನು. ಗುಡಿಸಲೊಂದಕ್ಕೆ ಬೆಂಕಿ ಹತ್ತಿದ ಸುದ್ದಿ. 'ಮನೆಯ ಯಜಮಾನನು ಕುಡಿದಿದ್ದನು' ಎಂಬ ಸಾಲಿನ ಪಕ್ಕದಲ್ಲಿ ಅವನ ಮೇಷ್ಟರು ಕೆಂಪು ಮಸಿಯಲ್ಲಿ 'ಕಂಡವರು ಯಾರು?' ಎಂದು ಬರೆದಿದ್ದರು. ಹುಡುಗನು ಭಾನುವಾರ ಮತ್ತೆ ಅಲ್ಲಿಗೆ ಹೋಗಿ ಐದು ಮನೆಗಳಲ್ಲಿ ವಿಚಾರಿಸಿದನಂತೆ. ಎಲ್ಲರೂ ಕೇಳಿದವರೇ, ಕಂಡವರಿಲ್ಲ. ಸಾಲನ್ನು ಹೊಡೆದುಹಾಕಿದ್ದನು. ನಮ್ಮ ತಾಯಿಯವರು ಕನ್ನಡಕವನ್ನು ತರಿಸಿಕೊಂಡು ಆ ಹಾಳೆಯನ್ನು ಎರಡು ಸಲ ಓದಿದರು.