ಅಡುಗೆಮನೆಯ ಬಣ್ಣ ಅವ್ವನನ್ನೇ ಕೇಳಿ

ನಮ್ಮ ಕಡೆ ಮಗನಿಗೆ ನೌಕರಿ ಸಿಕ್ಕಿತೆಂದರೆ ಮನೆಗೆ ಮೊದಲು ಬರುವುದು ಹೊಸ ಬಣ್ಣ. ಬೆಂಗಳೂರಿನಿಂದ ಮೊಬೈಲ್‌ಗೆ ಒಂದು ಫೋಟೊ ಬರುತ್ತದೆ, ‘ಪಡಸಾಲಿಗೆ ಇದೇ ಗ್ರೇ ಹಚ್ಚಿಸ್ರಿ’ ಎಂಬ ಮಾತಿನ ಜೊತೆ. ಆ ಪಡಸಾಲೆಗೆ ಇರುವುದು ಒಂದೇ ಕಿಟಕಿ. ದಿನವಿಡೀ ಅಲ್ಲಿ ಕೂರುವ ಅಜ್ಜನನ್ನು ಯಾರೂ ಕೇಳಿರುವುದಿಲ್ಲ.

ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ನಾನು, ಖರ್ಚಿಗೆಂದು ಸೋದರಮಾವನ ಜೊತೆ ಪೇಂಟಿಂಗ್ ಕೆಲಸಕ್ಕೆ ಹೋಗುತ್ತೇನೆ. ದಸರಾ, ದೀಪಾವಳಿ ಹತ್ತಿರ ಬಂದರೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ನಾಲ್ಕೂ ತಾಲ್ಲೂಕು ಸುತ್ತುತ್ತೇವೆ. ಅಷ್ಟೊಂದು ಮನೆಗಳ ಗೋಡೆ ಉಜ್ಜಿದ ಮೇಲೆ ನನ್ನ ಅಭಿಪ್ರಾಯವಿಷ್ಟೇ: ಯಾವ ಕೋಣೆಯಲ್ಲಿ ಯಾರು ಹೆಚ್ಚು ಹೊತ್ತು ಕಳೆಯುತ್ತಾರೋ ಅದರ ಬಣ್ಣವನ್ನು ಅವರೇ ಆರಿಸಬೇಕು. ದುಡ್ಡು ಕೊಡುವವರ ಮಾತಿಗಿಂತ ಅವರ ಮಾತು ಮೇಲಾಗಬೇಕು.

ಬಣ್ಣ ಆರಿಸುವಾಗ ಮೊದಲು ನೋಡಬೇಕಾದ್ದು ಬೆಳಕು. ಹಾನಗಲ್ ಕಡೆ ಮಳೆ ಹೆಚ್ಚು. ಹಳೆಯ ಹಂಚಿನ ಮನೆಗಳ ಸೂರು ತಗ್ಗು, ಕಿಟಕಿಗಳು ಸಣ್ಣವು. ಮಳೆಗಾಲದಲ್ಲಿ ನಡುಮನೆಗೆ ಹಗಲೇ ದೀಪ ಬೇಕು. ಅಂಥಲ್ಲಿ ಕಡುಬಣ್ಣ ಇದ್ದ ಬೆಳಕನ್ನೂ ನುಂಗುತ್ತದೆ. ಕೆನೆಬಿಳಿ, ತಿಳಿಹಳದಿ ಹಚ್ಚಿದರೆ ಒಂದೇ ಕಿಟಕಿಯ ಬೆಳಕು ಮೂಲೆಯವರೆಗೂ ಹರಡುತ್ತದೆ. ನುಣುಪೂ ಮುಖ್ಯ. ಹಾನಗಲ್ಲಿನ ತಾರಕೇಶ್ವರ ಗುಡಿಯೊಳಗೆ ನಿಂತು ನೋಡಿ. ಬಣ್ಣವಿಲ್ಲದ ಕಲ್ಲಿನ ಕಂಬಗಳು ನುಣುಪಿನಿಂದಲೇ ಹೊರಗಿನ ಬೆಳಕನ್ನು ಹಿಡಿದು ಮಿನುಗುತ್ತವೆ. ಆದರೆ ಹೊಳಪಿನ ಬಣ್ಣ ಗೋಡೆಯ ಉಬ್ಬುತಗ್ಗನ್ನೂ ಎತ್ತಿ ತೋರಿಸುತ್ತದೆ. ಹಾಗಾಗಿ ಹಳೆಯ ಪಡಸಾಲೆಗೆ ಹೊಳಪಿಲ್ಲದ್ದು, ಜಿಡ್ಡು ಒರೆಸಬೇಕಾದ ಅಡುಗೆಮನೆಗೆ ಹೊಳಪಿನದ್ದು ಸರಿ.

ಎರಡನೆಯದು ಗೋಡೆಯ ಗುಣ. ಮಣ್ಣಿನ ಗೋಡೆ ನೆಲದ ತೇವ ಹೀರಿ ಹೊರಗೆ ಬಿಡುತ್ತಿರುತ್ತದೆ. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ತಾನು ಗಟ್ಟಿಯಾಗುತ್ತದೆ; ಅದರ ಕ್ಷಾರಗುಣ ಬೂಷ್ಟನ್ನು ತಡೆಯುತ್ತದೆ. ಅದೇ ಗೋಡೆಗೆ ಪುಟ್ಟಿ ಹಾಕಿ ಪ್ಲಾಸ್ಟಿಕ್ ಎಮಲ್ಷನ್ ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಂಡು ಬಣ್ಣ ಹಪ್ಪಳದಂತೆ ಏಳುತ್ತದೆ. ಸವಣೂರಿನ ಹಳೆ ಮನೆಯೊಂದರಲ್ಲಿ ಹೀಗೆ ಎದ್ದ ಬಣ್ಣವನ್ನು ಕೆರೆದಾಗ ಕೆಳಗೆ ತಿಳಿಹಸಿರು, ಅದರಡಿ ನೀಲಿ ಬೆರೆಸಿದ ಸುಣ್ಣ ಕಂಡವು. ಸುಣ್ಣಕ್ಕೆ ಚಿಟಿಕೆ ನೀಲಿ ಹಾಕಿದರೆ ಹಳದಿ ಛಾಯೆ ಅಡಗಿ ಬಿಳಿ ಇನ್ನಷ್ಟು ಬೆಳ್ಳಗೆ ಕಾಣುತ್ತದೆ ಎಂಬುದು ಆ ಮನೆಯವರಿಗೆ ಗೊತ್ತಿತ್ತು.

ಮೂರನೆಯದು ಬಳಕೆ. ಹಿರೇಕೆರೂರು ಕಡೆ ಸುಗ್ಗಿ ಬಂದರೆ ಪಡಸಾಲೆ ತುಂಬ ಗೋವಿನಜೋಳದ ಚೀಲ. ಅದಕ್ಕೇ ಹಿರಿಯರು ಗೋಡೆಯ ಕೆಳಗಿನ ಮೂರಡಿಗೆ ಕೆಮ್ಮಣ್ಣಿನ ಪಟ್ಟಿ ಬಳಿದು, ಮೇಲೆ ಸುಣ್ಣ ಹಚ್ಚುತ್ತಿದ್ದರು. ಒರಗಿದ ಬೆನ್ನು, ಎಣ್ಣೆ ತಲೆ, ಚೀಲದ ದೂಳು ಯಾವುದರ ಕಲೆಯೂ ಎದ್ದು ಕಾಣುತ್ತಿರಲಿಲ್ಲ. ‘ಡ್ಯುಯಲ್ ಟೋನ್’ ಎಂದು ಈಗ ನಾವು ಹೆಚ್ಚು ದುಡ್ಡು ಕೊಟ್ಟು ಮಾಡಿಸುವುದೂ ಇದನ್ನೇ.

‘ಹಾಗಾದ್ರ ನಮ್ಮ ಇಷ್ಟಕ್ಕ ಬೆಲೆ ಇಲ್ಲೇನು?’ ಎಂದು ಗೆಳೆಯರು ಕೇಳುತ್ತಾರೆ. ಖಂಡಿತ ಇದೆ. ಶಿಗ್ಗಾಂವಿ ಹತ್ತಿರದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ನೋಡಿ ಬಂದವರಿಗೆ ಬಣ್ಣದ ಮೇಲೆ ಆಸೆ ಹುಟ್ಟುವುದು ಸಹಜ. ಅಲ್ಲಿ ನಾವು ಅರ್ಧ ದಿನ ಇದ್ದು ಬರುತ್ತೇವೆ. ಮನೆಯ ಗೋಡೆಯ ಜೊತೆ ಐದಾರು ವರ್ಷ ಬಾಳಬೇಕು. ಕಡುಕೆಂಪು ಇಷ್ಟವಾದರೆ ಒಂದು ಗೋಡೆಗೆ, ಗೂಡಿಗೆ, ಬಾಗಿಲಿಗೆ ಹಚ್ಚಿ. ಅದಕ್ಕೂ ಮುಂಚೆ ಚಿಕ್ಕ ಡಬ್ಬಿ ತಂದು ಎರಡಡಿ ಅಗಲ ಬಳಿದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ಶೇಡ್ ಕಾರ್ಡಿನ ಬಣ್ಣ ಟ್ಯೂಬ್‌ಲೈಟಿನಲ್ಲಿ ಒಂದು ಥರ ಕಂಡರೆ ಹಳದಿ ಬಲ್ಬಿನಡಿ ಇನ್ನೊಂದು ಥರ. ಕೆಂಪು ನೆಲವಿದ್ದರೆ ಬಿಳಿ ಗೋಡೆಗೂ ಕೆಂಪು ಛಾಯೆ ಬರುತ್ತದೆ.

ಶಿಗ್ಗಾಂವಿಯ ಮನೆಯೊಂದರಲ್ಲಿ ಮಾವ ಯಜಮಾನರನ್ನು ಬಿಟ್ಟು, ಒಲೆಯ ಮುಂದಿದ್ದ ಅವ್ವನನ್ನೇ ಕೇಳಿದರು. ‘ನನ್ನೇನ್ ಕೇಳ್ತೀಯೋ ತಮ್ಮಾ, ಅವ್ರನ್ನ ಕೇಳು’ ಎಂದರು ಆಕೆ. ಒತ್ತಾಯಿಸಿದ ಮೇಲೆ ಹೇಳಿದ್ದು: ‘ಸಂಜಿ ಆತಂದ್ರ ಅಕ್ಕಿಯೊಳಗಿನ ಹಳ್ಳು ಕಾಣಂಗಿಲ್ಲ. ಅವು ಕಾಣೂವಂಥಾ ಬಣ್ಣ ಹಚ್ಚು.’ ಮೂವತ್ತು ವರ್ಷ ಆ ಅಡುಗೆಮನೆಯಲ್ಲಿ ದುಡಿದವರನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲವಂತೆ. ನಾವು ಹಚ್ಚಿದ್ದು ಕೆನೆಬಿಳಿ. ಯಾವ ಶೇಡ್ ಕಾರ್ಡಿನಲ್ಲೂ ಸಿಗದ ಲೆಕ್ಕ ಆಕೆಯ ಬಳಿ ಇತ್ತು.

ಗೆಳೆಯರೇ, ನಮಗೂ ನಾಳೆ ನೌಕರಿ ಸಿಗುತ್ತದೆ, ನಾವೂ ಮನೆಗೆ ಬಣ್ಣ ಮಾಡಿಸುತ್ತೇವೆ. ಪೇಂಟ್ ಅಂಗಡಿಗೆ ಹೋಗುವ ದಿನ ಅವ್ವನನ್ನೂ ಜೊತೆಗೆ ಕರೆದುಕೊಂಡು ಹೋಗೋಣ.