ಕೊಕ್ಕರೆಯ ಒತ್ತು ಕತ್ತರಿಸ್ಬೇಡಿ

ವೆಬ್ ಪೇಜ್ ಸರಣಿ, ಭಾಗ 5

"ಕ್ರೋಮಲ್ಲಿ ಸರಿ ಇದೆ, ಸಾಕು ಬಿಡೋ" ಅನ್ನೋರಿಗೆ ಈ ಪೋಸ್ಟ್.

ನಮ್ಮ ಗುಡವಿ ಪಕ್ಷಿಧಾಮಕ್ಕೆ ಒಂದು ಪೇಜ್ ಮಾಡಿದ್ರಿ ಅಂದ್ಕೊಳ್ಳಿ. ತಲೆಬರಹದಲ್ಲಿ ‘ಕೊಕ್ಕರೆ’. ಇಂಗ್ಲಿಷಿಗೆ ಅಳತೆ ಮಾಡಿದ ಬಾಕ್ಸಿಗೇ ಅದನ್ನ ತುರುಕಿ, ಹೈಟ್ ಫಿಕ್ಸ್ ಮಾಡಿ, ಓವರ್‌ಫ್ಲೋ ಹಿಡನ್ ಕೊಟ್ರೆ ಕೆಳಗಿನ ಒತ್ತು ಹೋಗಿ ‘ಕೊಕರೆ’ ಆಗತ್ತೆ. ಶಿವಮೊಗ್ಗ ‘ಶಿವಮೊಗ’! ಓದೋರು ಕನ್ನಡ ಬರಲ್ಲ ಇವ್ರಿಗೆ ಅಂತಾರೆ, ಸಿಎಸ್‌ಎಸ್ ತಪ್ಪು ಅಂತ ಯಾರಿಗೂ ಹೊಳೆಯಲ್ಲ.

ನಿಮ್ಮ ಲ್ಯಾಪ್‌ಟಾಪಲ್ಲಿ ಇದು ಕಾಣದೇ ಇರಬಹುದು. ನೀವು ಫಾಂಟ್ ಹೇಳದಿದ್ರೆ ವಿಂಡೋಸ್ ಸಾಮಾನ್ಯವಾಗಿ ನಿರ್ಮಲಾ ಯುಐ ಹಾಕತ್ತೆ, ಆಂಡ್ರಾಯ್ಡ್ ನೋಟೋ. ಒಂದೊಂದರ ಎತ್ತರ ಒಂದೊಂದು.

ಎಲ್ಲಾ ಬ್ರೌಸರಲ್ಲೂ ಪಿಕ್ಸೆಲ್ ಲೆಕ್ಕದಲ್ಲಿ ಒಂದೇ ಥರ ಕಾಣ್ಬೇಕು ಅನ್ನೋ ಹಟ ನಂಗಿಲ್ಲ. ಸಾಲು ಎಲ್ಲಿ ಮುರಿದ್ರೂ ಮುರೀಲಿ. ಅಕ್ಷರ ಮಾತ್ರ ಪೂರ್ತಿ ಬರಬೇಕು. ಅದಕ್ಕೆ ಫಾಂಟನ್ನ ಪೇಜ್ ಜೊತೆಗೇ ಕಳಿಸಿ, ನೋಟೋ ಸಾನ್ಸ್ ಕನ್ನಡ ಫ್ರೀ ಇದೆ. ಹೈಟ್ ಬದಲು ಮಿನ್-ಹೈಟ್ ಕೊಡಿ, ಲೈನ್-ಹೈಟ್ 1.6 ಹತ್ರ ಇಡಿ.

ಆಮೇಲೆ ಫೈರ್‌ಫಾಕ್ಸಲ್ಲೂ, ಯಾರದಾದ್ರೂ ಐಫೋನ್ ಇಸ್ಕೊಂಡು ಸಫಾರಿಯಲ್ಲೂ ತೆಗೆದು ನೋಡಿ. ಕ್ರೋಮ್, ಎಡ್ಜ್ ಎರಡರಲ್ಲಿ ನೋಡಿದ್ರೆ ಎರಡು ಟೆಸ್ಟ್ ಅಂತ ಲೆಕ್ಕ ಇಲ್ಲ ಮಾರಾಯ್ರೇ, ಎರಡರ ಒಳಗೂ ಇರೋದು ಬ್ಲಿಂಕ್ ಎಂಜಿನ್ನೇ.