ಲ್ಯಾಬ್ ಬಿಟ್ಟವರ ವಿಜ್ಞಾನ

ಸಂಶೋಧನೆ ಬಿಟ್ಟು ವಿಜ್ಞಾನ ಶಿಕ್ಷಣಕ್ಕೋ, ವಿದ್ಯಾರ್ಥಿಗಳ ವೃತ್ತಿ ಮಾರ್ಗದರ್ಶನಕ್ಕೋ ಹೊರಟವರನ್ನು ಕಂಡರೆ ಸಹೋದ್ಯೋಗಿಗಳಿಗೆ ಮರುಕ: ‘ಪಾಪ, ಲ್ಯಾಬ್ ಕೈಹಿಡಿಯಲಿಲ್ಲ.’ ಈ ಮರುಕದಿಂದ ವಿಜ್ಞಾನಕ್ಕೇ ನಷ್ಟವೆಂದು ನನಗನ್ನಿಸುತ್ತದೆ.

ಕಾರ್ಲ್ ವೈಮನ್ ಅವರನ್ನು ನೋಡಿ. 1995ರಲ್ಲಿ ಎರಿಕ್ ಕಾರ್ನೆಲ್ ಜೊತೆಗೂಡಿ ಬೋಸ್–ಐನ್‌ಸ್ಟೈನ್ ಸಾಂದ್ರಿತವನ್ನು ಸೃಷ್ಟಿಸಿ, 2001ರ ನೊಬೆಲ್ ಹಂಚಿಕೊಂಡ ಭೌತವಿಜ್ಞಾನಿ. ಒಳ್ಳೆಯ ಅಂಕ ಪಡೆದು ತಮ್ಮ ಲ್ಯಾಬಿಗೆ ಬಂದವರು ಸಂಶೋಧನೆಗೆ ಕೈಹಾಕಿದೊಡನೆ ದಿಕ್ಕು ತೋಚದೆ ನಿಲ್ಲುವುದು ಅವರನ್ನು ಕಾಡಿತು. ಕೆಲವೇ ವರ್ಷಗಳಲ್ಲಿ ಆ ವಿದ್ಯಾರ್ಥಿಗಳೇ ಪಳಗಿದ ವಿಜ್ಞಾನಿಗಳಾಗುತ್ತಿದ್ದರು. ಹಾಗಾದರೆ ಅಷ್ಟು ವರ್ಷ ತರಗತಿಯಲ್ಲಿ ಕಲಿತದ್ದೇನು? ಈ ಪ್ರಶ್ನೆಯ ಬೆನ್ನುಹತ್ತಿದ ವೈಮನ್ 2007ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಸುಧಾರಣೆಯ ನೇತೃತ್ವ ವಹಿಸಿದರು.

2011ರಲ್ಲಿ ಅವರ ತಂಡ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಒಂದು ವಾರ, ಭೌತಶಾಸ್ತ್ರದ ಒಂದು ತರಗತಿಗೆ ಅನುಭವಿ, ಮೆಚ್ಚುಗೆ ಗಳಿಸಿದ ಪ್ರಾಧ್ಯಾಪಕರ ಉಪನ್ಯಾಸ. ಇನ್ನೊಂದಕ್ಕೆ ಬೋಧನೆಗೆ ಹೊಸಬರು; ಅಲ್ಲಿ ವಿದ್ಯಾರ್ಥಿಗಳೇ ಪ್ರಶ್ನೆ ಬಿಡಿಸಬೇಕು, ಚರ್ಚಿಸಬೇಕು, ತಪ್ಪಿದರೆ ಅಲ್ಲೇ ತಿದ್ದಿಕೊಳ್ಳಬೇಕು. ಪರೀಕ್ಷೆಯಲ್ಲಿ ಮೊದಲ ತರಗತಿಯ ಸರಾಸರಿ ಶೇ. 41, ಎರಡನೆಯದರದು ಶೇ. 74. ಒಂದು ವಾರದ ಪ್ರಯೋಗದಿಂದ ಎಲ್ಲವೂ ಸಾಬೀತಾಗದು, ನಿಜ. ಆದರೆ ‘ಪಾಠ ಚೆನ್ನಾಗಿತ್ತು’ ಎಂಬ ಅನಿಸಿಕೆಯನ್ನು ಅಳತೆಗೆ ಒಡ್ಡುವ ಧೈರ್ಯ ಲ್ಯಾಬಿನಲ್ಲಿ ಬೆಳೆದದ್ದು.

ನೊಬೆಲ್ ಪಡೆದವರಿಗೆ ಯಾರೂ ಮರುಗುವುದಿಲ್ಲ, ಬಿಡಿ. ನಮ್ಮಲ್ಲಿ ಅನಿಲ್ ಸದ್ಗೋಪಾಲ್ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಬಿಟ್ಟು ಮಧ್ಯಪ್ರದೇಶದ ಹಳ್ಳಿಗೆ ಹೋದರು. 1972ರಲ್ಲಿ ಅಲ್ಲಿನ 16 ಶಾಲೆಗಳಲ್ಲಿ, ಅವರೂ ಕೈಜೋಡಿಸಿದ ಹೊಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ ಶುರುವಾಯಿತು. ಮಕ್ಕಳು ಪ್ರಯೋಗ ಮಾಡಿಯೇ ಕಲಿತರು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷದ ದುಡಿಮೆ ಒಂದು ಆದೇಶಕ್ಕೆ ಮುಗಿಯಿತು. ಅದಕ್ಕೇ ಹೇಳುವುದು, ಇಂಥವರು ತೀರ್ಮಾನ ಕೈಗೊಳ್ಳುವ ಕುರ್ಚಿಗಳಲ್ಲೂ ಕೂರಬೇಕು.

ವೃತ್ತಿ ಮಾರ್ಗದರ್ಶನದ ಮಾತೂ ಹೀಗೆಯೇ. ಪಿಎಚ್.ಡಿ. ಮುಗಿಸಿದವರೆಲ್ಲರಿಗೂ ಪ್ರಾಧ್ಯಾಪಕ ಹುದ್ದೆ ಇಲ್ಲವೆಂದು ಪ್ರತಿ ಗೈಡ್‌ಗೂ ಗೊತ್ತು. ಆದರೂ ಬೇರೆ ದಾರಿಗಳ ಸುದ್ದಿ ಎತ್ತುವವರು ವಿರಳ. ಐದಾರು ವರ್ಷ ದುಡಿಸಿಕೊಂಡು ಕೊನೆಗೆ ‘ನೋಡಿಕೊಳ್ಳಪ್ಪ’ ಎನ್ನುವುದು ಅನ್ಯಾಯ. ವಿಫಲ ಪ್ರಯೋಗಗಳ ದಣಿವನ್ನು ತಾವೇ ಉಂಡವರು ಆ ದಾರಿಗಳ ಬಗ್ಗೆ ಹೇಳಿದರೆ ವಿದ್ಯಾರ್ಥಿ ನಂಬುತ್ತಾನೆ. ಆದ್ದರಿಂದ ಈ ಮಾರ್ಗದರ್ಶನದ ಕೆಲಸಕ್ಕೆ ಪೂರ್ಣಾವಧಿ ಹುದ್ದೆ, ಸಂಬಳ ಬೇಕು. ಬಡ್ತಿಯ ಸಮಯದಲ್ಲಿ ಸಂಶೋಧನಾ ಪ್ರಬಂಧಗಳಷ್ಟೇ ತೂಕ ಇದಕ್ಕೂ ಸಿಗಬೇಕು.